ಕೆರೆಯ ಹಕ್ಕಿಗೆ ಯಾವ ಕ್ಯಾಮೆರಾ: ಸೂಪರ್‌ಜೂಮೋ, ಡಿಎಸ್‌ಎಲ್‌ಆರೋ?

ಕೇಳಿದವರು: ಹಾವೇರಿ ಜಿಲ್ಲೆಯ ಪ್ರೌಢಶಾಲಾ ಶಿಕ್ಷಕರು

ಐದಾರು ವರ್ಷಗಳಿಂದ ನಮ್ಮ ಊರಿನ ಕೆರೆಗೂ, ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಹೋಗಿ ದುರ್ಬೀನಿನಲ್ಲಿ ಹಕ್ಕಿಗಳನ್ನು ನೋಡಿ ಹೆಸರು ಬರೆದಿಟ್ಟುಕೊಳ್ಳುತ್ತಿದ್ದೇನೆ. ಈಗ ಅವುಗಳ ಚಿತ್ರ ತೆಗೆದು ಶಾಲೆಯ ಗೋಡೆಗೆ ಹಾಕಬೇಕೆಂಬ ಆಸೆ ಬಂದಿದೆ. ಗೆಳೆಯರೊಬ್ಬರು ನಿಕಾನ್ ಪಿ950 ಎಂಬ ಸೂಪರ್‌ಜೂಮ್, ಅಂದರೆ ಬಿಚ್ಚಲಾಗದ ಉದ್ದ ಜೂಮ್ ಲೆನ್ಸಿನ ಕ್ಯಾಮೆರಾ, ಸಾಕು ಎನ್ನುತ್ತಾರೆ. ಇನ್ನೊಬ್ಬರು ಅದು ಆಟದ ಸಾಮಾನು, ನಿಕಾನ್ ಡಿ7500ರಂಥ, ಲೆನ್ಸ್ ಬದಲಿಸಬಹುದಾದ ಡಿಎಸ್‌ಎಲ್‌ಆರ್ ಇಲ್ಲದೆ ಹಕ್ಕಿಯ ಚಿತ್ರಕ್ಕೆ ಕೈ ಹಾಕಲೇಬಾರದು ಎನ್ನುತ್ತಾರೆ. ನನಗೆ ಐವತ್ನಾಲ್ಕು ವರ್ಷ, ಎಡ ಮೊಣಕಾಲು ನೋಯುತ್ತದೆ, ಒಂದು ಲಕ್ಷ ರೂಪಾಯಿಗಿಂತ ಹೆಚ್ಚು ಖರ್ಚು ಮಾಡಲಾರೆ. ಬಳಸಿದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಮೈಸೂರಿನ ನಿವೃತ್ತ ಬ್ಯಾಂಕ್ ಅಧಿಕಾರಿ

ಮೇಷ್ಟ್ರೇ, ನಿಮ್ಮ ಇಬ್ಬರು ಗೆಳೆಯರೂ ತಂತಮ್ಮ ಹಕ್ಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಿದ್ದಾರೆ ಎಂದು ನನಗೆ ಅನುಮಾನ. ಒಬ್ಬರ ಹಕ್ಕಿ ದೂರದಲ್ಲಿ ಸುಮ್ಮನೆ ಕೂತಿದೆ, ಇನ್ನೊಬ್ಬರದು ಹತ್ತಿರದಲ್ಲಿ ಹಾರುತ್ತಿದೆ. ನಾನು 2016ರಲ್ಲಿ ಪಿ900 ಕೊಂಡೆ. ನೀವು ಹೇಳುವ ಪಿ950 ಅದರದೇ ಮುಂದಿನ ಮಾದರಿ, 2020ರಲ್ಲಿ ಬಂದದ್ದು. ಲೆನ್ಸಿನ ಅಳತೆ ಎರಡರದೂ ಒಂದೇ. ಮೂರು ವರ್ಷದ ನಂತರ ಡಿ7500 ಮತ್ತು ನಿಕಾನ್‌ನದೇ 200-500 ಮಿಲಿಮೀಟರ್ ಲೆನ್ಸ್ ಕೊಂಡೆನಾದರೂ ಹಳೆಯದನ್ನು ಮಾರಲಿಲ್ಲ, ಇವತ್ತಿಗೂ ಎರಡೂ ಬಳಕೆಯಲ್ಲಿವೆ.

ಪೆಟ್ಟಿಗೆಯ ಮೇಲೆ ಬರೆದಿರುವ 2000 ಮಿಲಿಮೀಟರ್ ಎಂಬ ಅಂಕಿಯನ್ನು ಮೊದಲು ಬಿಡಿಸಿ ನೋಡೋಣ. ಆ ಲೆನ್ಸಿನ ನಿಜವಾದ ಫೋಕಲ್ ಲೆಂತ್ (ಇದು ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ) ಹೆಚ್ಚೆಂದರೆ 357 ಮಿಲಿಮೀಟರ್. ಒಳಗೆ ಚಿತ್ರ ಮೂಡುವ ಸೆನ್ಸರ್ ಮಾತ್ರ ತೊಗರಿ ಕಾಳಿನಷ್ಟು, ಅಂದರೆ ಸುಮಾರು ಆರು ಮಿಲಿಮೀಟರ್ ಅಗಲ, ನಾಲ್ಕೂವರೆ ಮಿಲಿಮೀಟರ್ ಎತ್ತರ ಇರುವುದರಿಂದ, ಹಳೆಯ ಫಿಲ್ಮ್ ಕ್ಯಾಮೆರಾದ ಲೆಕ್ಕಕ್ಕೆ ಹೊಂದಿಸಿದಾಗ ಅದು 2000 ಆಗುತ್ತದೆ. ಡಿ7500ರ ಸೆನ್ಸರಿನ ವಿಸ್ತೀರ್ಣ ಅದರ ಹದಿಮೂರು ಪಟ್ಟು, ಆದ್ದರಿಂದ ಅದೇ ಲೆಕ್ಕದಲ್ಲಿ ನನ್ನ 500 ಮಿಲಿಮೀಟರ್ ಲೆನ್ಸ್ ಬರೀ 750 ಆಗುತ್ತದೆ. ಇನ್ನು ಬೆಳಕು ಒಳಗೆ ಬರುವ ಬಾಯಿಯ ವಿಚಾರ: ಜೂಮ್ ಪೂರ್ತಿ ಚಾಚಿದಾಗ ಸೂಪರ್‌ಜೂಮಿನದು ಸುಮಾರು 55 ಮಿಲಿಮೀಟರ್ ವ್ಯಾಸ, 200-500ರದು ಸುಮಾರು 89. ದೂರಕ್ಕೆ ಕೈ ಚಾಚುವುದರಲ್ಲಿ ಒಂದು ಮುಂದು, ಬೆಳಕು ಕುಡಿಯುವುದರಲ್ಲಿ ಇನ್ನೊಂದು ಮುಂದು. ಮಿಕ್ಕ ಜಗಳವೆಲ್ಲ ಈ ಎರಡು ಮಾತಿನಿಂದಲೇ ಹುಟ್ಟುತ್ತದೆ.

ಕಂಡದ್ದನ್ನೇ ಹೇಳುತ್ತೇನೆ. ರಂಗನತಿಟ್ಟಿನಲ್ಲಿ ಬೇಸಿಗೆಯ ಆರಂಭಕ್ಕೆ ನದಿ ರೀವ ಹಕ್ಕಿಗಳು ಕಾವೇರಿಯ ಬಂಡೆಗಳ ಮೇಲೆ ಮೊಟ್ಟೆಯಿಡುತ್ತವೆ. ಒಂದು ಬೆಳಿಗ್ಗೆ ದೋಣಿಯಲ್ಲಿ ಕೂತಿದ್ದಾಗ ರೀವವೊಂದು ನೀರಿಗೆ ಬಿದ್ದು ಬೆಳ್ಳನೆಯ ಮೀನೊಂದನ್ನು ಕಚ್ಚಿಕೊಂಡು ಎದ್ದಿತು. ನಾನು ಪಿ900ರ ಗುಂಡಿ ಒತ್ತಿ ಹಿಡಿದೆ. ಅದು ಒಂದು ಸೆಕೆಂಡಿನಲ್ಲಿ ಏಳು ಚಿತ್ರ ತೆಗೆಯುತ್ತದೆ, ಆದರೆ ಏಳೇ. ಆಮೇಲೆ ಅವನ್ನು ಕಾರ್ಡಿಗೆ ಬರೆದು ಮುಗಿಸುವವರೆಗೆ ಏನು ಒತ್ತಿದರೂ ಕೇಳುವುದಿಲ್ಲ. ಅಷ್ಟರಲ್ಲಿ ರೀವ ಬಂಡೆಗೆ ಹೋಗಿ ಮರಿಯ ಬಾಯಿಗೆ ಮೀನನ್ನು ಇಟ್ಟಾಗಿತ್ತು. ಅದನ್ನು ನಾನು ಬರಿಗಣ್ಣಿನಲ್ಲಿ ನೋಡಿದೆ. ಕಾರ್ಡಿನಲ್ಲಿದ್ದ ಏಳರಲ್ಲಿ ಮೂರರಲ್ಲಿ ಬರೀ ನೀರು, ಎರಡರಲ್ಲಿ ಬಾಲದ ತುದಿ, ಒಂದರಲ್ಲಿ ಮಸುಕಾದ ಹಕ್ಕಿ, ಇನ್ನೊಂದರಲ್ಲಿ ದೋಣಿಯ ಅಂಚು. ಅಲುಗುವ ದೋಣಿಯಲ್ಲಿ 2000 ಮಿಲಿಮೀಟರ್ ಚಾಚಿಕೊಂಡು ಹಾರುವ ಹಕ್ಕಿಯನ್ನು ಹುಡುಕುವುದೆಂದರೆ ಕೊಳವೆಯೊಳಗಿನಿಂದ ಕ್ರಿಕೆಟ್ ನೋಡಿದಂತೆ. ಡಿ7500 ಸೆಕೆಂಡಿಗೆ ಎಂಟು ಚಿತ್ರ ತೆಗೆಯುತ್ತಾ ಹೋಗುತ್ತದೆ, ಅದರ 51 ಫೋಕಸ್ ಬಿಂದುಗಳು ಹಕ್ಕಿಯನ್ನು ಬೆನ್ನಟ್ಟುತ್ತವೆ. ಹಾಗೆಂದು ಅದು ಕೈಗೆ ಬಂದ ಮರುದಿನವೇ ಒಳ್ಳೆಯ ಚಿತ್ರ ಬಂತೆಂದು ತಿಳಿಯಬೇಡಿ. ಮೊದಲ ಎರಡು ತಿಂಗಳು ನನ್ನ ಚಿತ್ರಗಳು ಪಿ900ರಲ್ಲಿ ತೆಗೆದವಕ್ಕಿಂತ ಕೆಟ್ಟದಾಗಿದ್ದವು, ಮನೆಯವರು ಅದನ್ನು ನೆನಪಿಸಲು ಮರೆಯಲೂ ಇಲ್ಲ.

ಇದಕ್ಕೆ ಎದುರಾದ ಅನುಭವವೂ ಇದೆ. ನಂಜನಗೂಡು ತಾಲ್ಲೂಕಿನಲ್ಲಿ ಹದಿನಾರು ಎಂಬ ಊರಿನ ಕೆರೆಗೆ, ನಿಮ್ಮ ಮಾಗಡಿ ಕೆರೆಗೆ ಬರುವಂತೆಯೇ, ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾದಲ್ಲಿ ಸಂಶೋಧಕರು ಕೆಲವು ಹೆಬ್ಬಾತುಗಳ ಕುತ್ತಿಗೆಗೆ ಅಕ್ಷರ, ಅಂಕಿ ಬರೆದ ಪಟ್ಟಿ ತೊಡಿಸಿರುತ್ತಾರೆ. ಅಂಥದೊಂದು ಹೆಬ್ಬಾತು ಕೆರೆಯ ನಡುವಿನ ದಿಣ್ಣೆಯ ಮೇಲೆ ನಿಂತಿತ್ತು. ಡಿಎಸ್‌ಎಲ್‌ಆರ್‌ನಲ್ಲಿ ತೆಗೆದ ಚಿತ್ರವನ್ನು ಹಿಗ್ಗಿಸಿ ನೋಡಿದರೆ ಪಟ್ಟಿ ಇರುವುದು ಗೊತ್ತಾಗುತ್ತಿತ್ತು, ಬರಹ ಓದಲಾಗುತ್ತಿರಲಿಲ್ಲ. 750ರ ಚಿತ್ರವನ್ನು 2000ದ ಚೌಕಟ್ಟಿಗೆ ಕತ್ತರಿಸಿದರೆ ಅದರ 20.9 ಮೆಗಾಪಿಕ್ಸೆಲ್‌ನಲ್ಲಿ ಮೂರೂ ಉಳಿಯುವುದಿಲ್ಲ. ಬದುವಿನ ಮೇಲೆ ಕಾಳು ತುಂಬಿದ ಚೀಲವಿಟ್ಟು ಅದರ ಮೇಲೆ ಪಿ900 ಊರಿ ತೆಗೆದ ನಾಲ್ಕನೆಯ ಚಿತ್ರದಲ್ಲಿ ಅಕ್ಷರ, ಅಂಕಿ ಎಲ್ಲವೂ ಓದಲು ಬಂತು. ಆಗ ಬೆಳಿಗ್ಗೆ ಏಳೂವರೆ. ಹತ್ತೂವರೆ ದಾಟಿದ್ದರೆ ನೀರಿನ ಮೇಲಿನ ಬಿಸಿಗಾಳಿ ಅಲುಗತೊಡಗಿ ಯಾವ ಕ್ಯಾಮೆರಾಕ್ಕೂ ಅದು ಸಿಗುತ್ತಿರಲಿಲ್ಲ.

ತೂಕವನ್ನು ಹಗುರವಾಗಿ ಎಣಿಸಬೇಡಿ. ಪಿ950 ಒಂದು ಕಿಲೋ ಇದೆ. ಡಿ7500 ಮುಕ್ಕಾಲು ಕಿಲೋಗೆ ಸ್ವಲ್ಪ ಕಡಿಮೆ, ಆದರೆ ಲೆನ್ಸ್ ಒಂದೇ 2.3 ಕಿಲೋ. ಮೂರು ಕಿಲೋ ಹೊತ್ತುಕೊಂಡು ಕೆರೆಯ ಏರಿಯ ಮೇಲೆ ಒಂದು ಗಂಟೆ ನಡೆದ ದಿನ ನನ್ನ ಕುತ್ತಿಗೆ ಮರುದಿನದವರೆಗೂ ಹೊರಳುತ್ತಿರಲಿಲ್ಲ. ನಿಮ್ಮ ಮೊಣಕಾಲನ್ನೂ ಒಂದು ಮಾತು ಕೇಳಿ ನಿರ್ಧರಿಸಿ. ಸೂಪರ್‌ಜೂಮ್ ಕೊಂಡರೆ ಇನ್ನೊಂದು ಬ್ಯಾಟರಿಯನ್ನು ಜೊತೆಗೇ ಕೊಳ್ಳಿ. ಕಂಪನಿಯ ಲೆಕ್ಕದಲ್ಲೇ ಒಂದು ಚಾರ್ಜಿಗೆ 290 ಚಿತ್ರ, ಡಿ7500ಕ್ಕೆ 950.

ಶಿರಸಿ ಕಡೆಯ ತೋಟಗಾರ್ತಿ

ಮೇಲಿನ ಹಿರಿಯರು ಹೇಳಿದ್ದೆಲ್ಲ ಬಯಲ ಕೆರೆಗೆ ಸರಿ. ಕಾಡಿನ ಮಾತು ಬೇರೆ ಇದೆ, ಏಕೆಂದರೆ ಹಾವೇರಿಯಿಂದ ನೀವು ಒಂದಲ್ಲ ಒಂದು ದಿನ ಘಟ್ಟದ ಕಡೆ ಬಂದೇ ಬರುತ್ತೀರಿ. ನಮ್ಮ ತೋಟದಲ್ಲಿ ಅಡಿಕೆ ಮರದ ಕೆಳಗೆ ಬೆಳಿಗ್ಗೆ ಒಂಬತ್ತಕ್ಕೂ ಬೆಳಕು ಅಷ್ಟಕ್ಕಷ್ಟೇ. ನನ್ನ ಸೂಪರ್‌ಜೂಮಿನಲ್ಲಿ ಐಎಸ್‌ಒ, ಅಂದರೆ ಕಡಿಮೆ ಬೆಳಕಿಗೆ ಏರಿಸುವ ಸಂವೇದನೆಯ ಮಟ್ಟವನ್ನು, 800 ದಾಟಿಸಿದರೆ ಹಕ್ಕಿಯ ಗರಿ ಗರಿಯಂತೆ ಕಾಣುವುದಿಲ್ಲ, ನೆನೆದ ಹತ್ತಿಯಂತೆ ಕಾಣುತ್ತದೆ. ದಾಟಿಸದಿದ್ದರೆ ಶಟರ್ ವೇಗ ಸೆಕೆಂಡಿನ ಅರವತ್ತನೇ ಒಂದು ಭಾಗಕ್ಕೆ ಇಳಿದು, ಮಡಿವಾಳ ಹಕ್ಕಿ ಬಾಲ ಎತ್ತಿದರೂ ಸಾಕು, ಚಿತ್ರ ಕೆಡುತ್ತದೆ. ಅಣ್ಣನ ಡಿಎಸ್‌ಎಲ್‌ಆರ್‌ನಲ್ಲಿ ಐಎಸ್‌ಒ 3200ಕ್ಕೆ ತೆಗೆದ ಚಿತ್ರವನ್ನು ನಾವು ದೊಡ್ಡದಾಗಿ ಅಚ್ಚು ಹಾಕಿಸಿ ಗೋಡೆಗೆ ಹಾಕಿದ್ದೇವೆ. ಪಿ950ರಲ್ಲಿ ರಾ ಫೈಲ್, ಅಂದರೆ ಕ್ಯಾಮೆರಾ ತಿದ್ದದೆ ಕೊಡುವ ಮೂಲ ಚಿತ್ರ ಸಿಗುತ್ತದೆ, ಪಿ900ರಲ್ಲಿ ಬರೀ ಜೆಪೆಗ್. ಕಂಪ್ಯೂಟರಿನಲ್ಲಿ ಕೂತು ತಿದ್ದುವ ತಾಳ್ಮೆ ಇದ್ದವರಿಗೆ ಅದರಿಂದ ಸ್ವಲ್ಪ ಲಾಭವುಂಟು.

ಇನ್ನೊಂದು ಬೂಸ್ಟಿನ ವಿಚಾರ. ಮಳೆಗಾಲದ ನಾಲ್ಕು ತಿಂಗಳು ಚರ್ಮದ ಚೀಲದೊಳಗೆ ಇಟ್ಟಿದ್ದ ಲೆನ್ಸಿನ ಗಾಜಿನ ಮೇಲೆ ಜೇಡರ ಬಲೆಯಂಥ ಎಳೆಗಳು ಹಬ್ಬಿದ್ದವು. ಅಂದಿನಿಂದ ಅಡುಗೆಮನೆಯ ಗಾಳಿಯಾಡದ ದೊಡ್ಡ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ, ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿಯಾಗುತ್ತದೆ. ಡಿಎಸ್‌ಎಲ್‌ಆರ್ ಲೆನ್ಸನ್ನು ಬಿಚ್ಚಿ ಕೊಟ್ಟು ಸ್ವಚ್ಛ ಮಾಡಿಸಬಹುದು. ಸೂಪರ್‌ಜೂಮಿನ ಕೊಳವೆ ಹೊರಗೆ ಚಾಚಿ ಒಳಗೆ ಸೇರುವಾಗೆಲ್ಲ ಹೊರಗಿನ ಗಾಳಿಯನ್ನು, ಧೂಳನ್ನು ಎಳೆದುಕೊಳ್ಳುತ್ತದೆ, ಬಿಚ್ಚುವ ದಾರಿ ಇಲ್ಲ.

ಹುಬ್ಬಳ್ಳಿಯಲ್ಲಿ ಸ್ಟುಡಿಯೋ ನಡೆಸುವವರು

ಗುರುಗಳೇ, ಹಣದ ಲೆಕ್ಕವನ್ನು ಯಾರೂ ಹಾಕಿಲ್ಲ, ನಾನು ಹಾಕುತ್ತೇನೆ. ಡಿಎಸ್‌ಎಲ್‌ಆರ್ ಕೊಳ್ಳಲು ಬರುವವರು ಬಾಡಿಯ, ಅಂದರೆ ಲೆನ್ಸ್ ಇಲ್ಲದ ಕ್ಯಾಮೆರಾದ ಬೆಲೆ ಕೇಳುತ್ತಾರೆ, ಹಕ್ಕಿಯ ಚಿತ್ರ ತೆಗೆಯುವುದು ಲೆನ್ಸ್. ಡಿ7500ರ ಜೊತೆಗೆ ಬರುವ 18-140 ಕಿಟ್ ಲೆನ್ಸಿನಲ್ಲಿ ಮಾಗಡಿ ಕೆರೆಯ ಹೆಬ್ಬಾತು ಎಳ್ಳಿನ ಕಾಳಿನಷ್ಟು ಬರುತ್ತದೆ. ನಿಮ್ಮ ಒಂದು ಲಕ್ಷದಲ್ಲಿ ಹೊಸ ಬಾಡಿ ಮತ್ತು ಉದ್ದ ಲೆನ್ಸ್ ಎರಡೂ ಬರುವುದಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆ ನಿಜವಾಗಿ ಹೊಸ ಸೂಪರ್‌ಜೂಮೋ, ಹಳೆಯ ಡಿಎಸ್‌ಎಲ್‌ಆರೋ ಎಂದಾಗುತ್ತದೆ.

ಹಳೆಯದಕ್ಕೆ ಇದು ಒಳ್ಳೆಯ ಕಾಲ. ನಿಕಾನ್, ಕ್ಯಾನನ್ ಎರಡೂ 2020ರ ನಂತರ ಹೊಸ ಡಿಎಸ್‌ಎಲ್‌ಆರ್ ಮಾದರಿ ತಂದಿಲ್ಲ, ಹಕ್ಕಿಯವರ ಮೆಚ್ಚಿನ ಡಿ500 ಸಹ 2022ರಲ್ಲಿ ನಿಂತಿತು. ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯ ಮಿರರ್‌ಲೆಸ್‌ಗೆ ಹೊರಟವರು ತಮ್ಮ ಸಾಮಾನನ್ನು ಸಿಕ್ಕ ಬೆಲೆಗೆ ಮಾರುತ್ತಿದ್ದಾರೆ. ಆದರೆ ನೋಡಿ ಕೊಳ್ಳಬೇಕು. ನಿಕಾನ್ ಆದರೆ ಅಲ್ಲೇ ಒಂದು ಚಿತ್ರ ತೆಗೆದು ಅದರೊಳಗೇ ದಾಖಲಾಗುವ ಎಕ್ಸಿಫ್ ಮಾಹಿತಿಯಲ್ಲಿ ಶಟರ್ ಎಷ್ಟು ಬಾರಿ ಓಡಿದೆ ಎಂದು ನೋಡಿ. ಮದುವೆ ಸ್ಟುಡಿಯೋದ ಬಾಡಿಯಾದರೆ ಲಕ್ಷ ದಾಟಿರುವುದು ಸಾಮಾನ್ಯ, ಇದನ್ನು ಆ ಕಸುಬಿನವನಾಗಿಯೇ ಹೇಳುತ್ತಿದ್ದೇನೆ. ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿದರೆ ಮೇಡಂ ಹೇಳಿದ ಬೂಸ್ಟು ಎದ್ದು ಕಾಣುತ್ತದೆ. ಈಗ ಕೊಂಡ 200-500 ವ್ಯರ್ಥವಾಗುವುದಿಲ್ಲ, ಮುಂದೆ ನಿಕಾನ್‌ನ ಜೆಡ್ ಮಿರರ್‌ಲೆಸ್ ಕೊಂಡರೂ ಎಫ್‌ಟಿಜೆಡ್ ಅಡಾಪ್ಟರ್ ಹಾಕಿದರೆ ಆಟೋಫೋಕಸ್ ಸಮೇತ ಓಡುತ್ತದೆ.

ಸೂಪರ್‌ಜೂಮಿನ ರಿಪೇರಿ ಮಾತ್ರ ತಲೆನೋವು. ನನ್ನ ಗಿರಾಕಿಯೊಬ್ಬರದು ಉಳವಿ ಜಾತ್ರೆಯ ಧೂಳಿನಲ್ಲಿ ಜೂಮ್ ಕಚ್ಚಿಕೊಂಡು ನಿಂತಿತು. ಸರ್ವಿಸ್ ಸೆಂಟರೊಂದು ಇಡೀ ಲೆನ್ಸ್ ಭಾಗವನ್ನೇ ಬದಲಿಸಬೇಕೆಂದು ಹೇಳಿದ ಮೊತ್ತಕ್ಕೆ ಇನ್ನೊಂದು ಸ್ವಲ್ಪ ಸೇರಿಸಿದ್ದರೆ ಸೆಕೆಂಡ್ ಹ್ಯಾಂಡ್ ಪಿ900 ಒಂದು ಬರುತ್ತಿತ್ತು. ವಾರಂಟಿ ಇರುವ ಹೊಸದನ್ನೇ ಕೊಳ್ಳಿ.

ಬೆಂಗಳೂರಿನಿಂದ ಒಬ್ಬರು

ಚಿಕ್ಕದೊಂದು ಸೇರ್ಪಡೆ. ಸೂಪರ್‌ಜೂಮಿನಲ್ಲಿ ಹಾರುವ ಹಕ್ಕಿ ಅಸಾಧ್ಯವೇನಲ್ಲ. ಜೂಮನ್ನು 500ರ ಆಸುಪಾಸಿಗೆ ಇಳಿಸಿ ಹಕ್ಕಿಯನ್ನು ಹಿಡಿದು ಆಮೇಲೆ ಚಾಚಬೇಕು. ತಪ್ಪಿಸಿಕೊಂಡರೆ ಲೆನ್ಸಿನ ಪಕ್ಕದ ಗುಂಡಿ ಒತ್ತಿದರೆ ನೋಟ ಕ್ಷಣಕಾಲ ಅಗಲವಾಗುತ್ತದೆ, ಬಿಟ್ಟರೆ ಮೊದಲಿದ್ದಲ್ಲಿಗೆ ಮರಳುತ್ತದೆ. ಹದ್ದು, ಕೊಕ್ಕರೆಯಂಥ ನಿಧಾನದ ಹಕ್ಕಿಗಳು ಹೀಗೆ ಸಿಗುತ್ತವೆ. ಕವಲುತೋಕೆ, ಕಳ್ಳಿಪೀರದ ಬೆನ್ನು ಬೀಳಬೇಡಿ.

ಕೇಳಿದವರು, ಮೂರು ವಾರದ ನಂತರ

ಎಲ್ಲರಿಗೂ ನಮಸ್ಕಾರ. ನಿಮ್ಮ ಮಾತುಗಳನ್ನು ಓದಿದ ಮೇಲೆ ಗೆಳೆಯರಿಬ್ಬರ ಕ್ಯಾಮೆರಾಗಳನ್ನೂ ಒಂದು ಭಾನುವಾರದ ಮಟ್ಟಿಗೆ ಬೇಡಿ ತಂದು ಮಾಗಡಿ ಕೆರೆಗೆ ಹೋದೆ. ಡಿಎಸ್‌ಎಲ್‌ಆರ್‌ಗೆ 70-300 ಲೆನ್ಸ್ ಇತ್ತು. ತಲೆಯ ಮೇಲೆ ಹಾದುಹೋದ ಹೆಬ್ಬಾತಿನ ಸಾಲು ಅದರಲ್ಲಿ ಎಷ್ಟು ಸ್ಪಷ್ಟವಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಅದೇ ಸಾಲು ಪಿ950ರಲ್ಲಿ ಒಂದೂ ಸಿಗಲಿಲ್ಲ. ಆದರೆ ನೀರಿನಲ್ಲಿ ದೂರ ಕೂತಿದ್ದ ಬಾತುಗಳಲ್ಲಿ ಎರಡು ವರ್ಷದಿಂದ ನನ್ನ ಪುಸ್ತಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹೊತ್ತು ನಿಂತಿದ್ದ ಒಂದು ಹೆಣ್ಣು ಬಾತಿದೆಯಲ್ಲ, ಅದರ ಮುಖದ ಎರಡು ಗೆರೆಯೂ ಕೊಕ್ಕಿನ ಬುಡದ ಬಿಳಿ ಚುಕ್ಕೆಯೂ ಪಿ950ರ ಚಿತ್ರದಲ್ಲಿ ಕಂಡವು. ಗಾರ್ಗನಿ ಎಂದು ಬರೆದುಕೊಂಡೆ. ನನಗೆ ಬೇಕಾದದ್ದು ಹೆಚ್ಚಾಗಿ ಇದೇ ಎಂದು ಮನೆಗೆ ಬರುವ ದಾರಿಯಲ್ಲಿ ತೀರ್ಮಾನವಾಯಿತು. ಸಂಕ್ರಾಂತಿಗೆ ಮುಂಚೆ ಹೊಸ ಪಿ950 ಕೊಳ್ಳುತ್ತೇನೆ; ಉಳಿದ ಹಣವನ್ನು ಮುಟ್ಟದೆ ಇಟ್ಟು, ಹುಬ್ಬಳ್ಳಿಯವರ ಕಣ್ಣಿಗೆ ಒಳ್ಳೆಯ ಹಳೆಯ ಲೆನ್ಸ್ ಬಿದ್ದರೆ ಆಮೇಲೆ ನೋಡೋಣ. ಮೈಸೂರಿನವರ ಮಾತಿನಂತೆ ಕ್ಯಾಮೆರಾ ಊರಲೆಂದು ಮನೆಯವರು ಜೀನ್ಸ್ ಬಟ್ಟೆಯ ಚೀಲ ಹೊಲಿದುಕೊಟ್ಟಿದ್ದಾರೆ, ಎರಡು ಕಿಲೋ ಹೆಸರು ಕಾಳು ತುಂಬಿದ್ದೇನೆ. ಒಂದು ಸಂದೇಹ ಉಳಿದಿದೆ: ಲೆನ್ಸ್ ಬಿಚ್ಚಲಾಗದ ಕ್ಯಾಮೆರಾವನ್ನು ಅಂಗಡಿಯಲ್ಲಿ ಪರೀಕ್ಷಿಸುವುದು ಹೇಗೆ?

ಹುಬ್ಬಳ್ಳಿಯ ಸ್ಟುಡಿಯೋದವರು

ಜೂಮನ್ನು ಹತ್ತು ಬಾರಿ ಪೂರ್ತಿ ಚಾಚಿ ಒಳಗೆ ಎಳೆಸಿ, ಎಲ್ಲಾದರೂ ತಡವರಿಸುತ್ತದೆಯೇ, ಕರಕರ ಸದ್ದು ಬರುತ್ತದೆಯೇ ಎಂದು ಕಿವಿಗೊಡಿ. ಆಮೇಲೆ ಅಂಗಡಿಯ ಬಾಗಿಲಿಗೆ ಬಂದು ರಸ್ತೆಯಾಚೆಯ ಬೋರ್ಡಿನ ಅತಿ ಸಣ್ಣ ಅಕ್ಷರವನ್ನು ಪೂರ್ತಿ ಜೂಮಿನಲ್ಲಿ ತೆಗೆದು, ಚೌಕಟ್ಟಿನ ನಾಲ್ಕು ಮೂಲೆಯನ್ನೂ ಹಿಗ್ಗಿಸಿ ನೋಡಿ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಇನ್ನೊಂದು ಪೆಟ್ಟಿಗೆ ಒಡೆಸಿ. ಹೆಸರು ಕಾಳಿಗೆ ಹುಳ ಹಿಡಿಯುತ್ತದೆ, ಚೀಲವನ್ನು ಆಗಾಗ ಬಿಸಿಲಿಗೆ ಹಾಕಿ.