‘ಪ್ಯಾಸಿವ್ ಮೋಡ್’ ಅಂದರೆ ‘ನಿಷ್ಕ್ರಿಯ’ವೇ?

ಪ್ರಶ್ನೆ: ಮನೆಯಲ್ಲಿ ಇಟ್ಟುಕೊಳ್ಳುವ ನ್ಯಾಸ್ ಪೆಟ್ಟಿಗೆಗೆ (ಜಾಲದ ಮೂಲಕ ಫೈಲು ಕೂಡಿಡುವ ಸಾಧನ) ಕನ್ನಡ ಕೈಪಿಡಿ ತಿದ್ದುತ್ತಿದ್ದೇನೆ. ಎಫ್‌ಟಿಪಿ (ಜಾಲದಲ್ಲಿ ಫೈಲು ಸಾಗಿಸುವ ಪದ್ಧತಿ) ಭಾಗದಲ್ಲಿ ‘ನಿಷ್ಕ್ರಿಯ ವಿಧಾನವನ್ನು ಸಕ್ರಿಯಗೊಳಿಸಿ’ ಎಂದಿದೆ. ಮೂಲದಲ್ಲಿರುವುದು ಪ್ಯಾಸಿವ್ ಮೋಡ್. ವ್ಯಾಕರಣದ ‘ಕರ್ಮಣಿ’ ಇಲ್ಲಿ ಸಲ್ಲುತ್ತದೆಯೇ?

ಉತ್ತರ: ಎರಡೂ ಬೇಡ. ವರ್ಷಗಟ್ಟಲೆ ವ್ಯವಹಾರ ನಡೆಯದ ಖಾತೆಯನ್ನು ಬ್ಯಾಂಕಿನವರು ‘ನಿಷ್ಕ್ರಿಯ’ ಅನ್ನುತ್ತಾರೆ. ಆ ಪದ ಕಂಡವರು ಅದನ್ನು ಆಫ್ ಮಾಡಿಯೇ ಬಿಡುತ್ತಾರೆ. ಕರ್ಮಣಿ ವಾಕ್ಯರಚನೆಯ ಮಾತು. ಇಲ್ಲಿರುವ ಪ್ರಶ್ನೆ, ಯಾರು ಯಾರ ಬಾಗಿಲು ತಟ್ಟಬೇಕು ಎಂಬುದು. ಎಫ್‌ಟಿಪಿಯಲ್ಲಿ ಆಜ್ಞೆಗಳು ಓಡಾಡುವುದು 21ನೇ ಪೋರ್ಟಿನಲ್ಲಿ (ಪೋರ್ಟ್ ಎಂದರೆ ಸಂಖ್ಯೆ ಹೊತ್ತ ಬಾಗಿಲು). ಫೈಲುಗಳಿಗೂ ಅವುಗಳ ಪಟ್ಟಿಗೂ ಬೇರೆ ಸಂಪರ್ಕ ಬೇಕು. ಆಕ್ಟಿವ್‌ನಲ್ಲಿ ಆ ಎರಡನೆಯ ಸಂಪರ್ಕಕ್ಕೆ ಸರ್ವರೇ (ಇಲ್ಲಿ ನ್ಯಾಸ್ ಪೆಟ್ಟಿಗೆ) ನಮ್ಮ ಕಂಪ್ಯೂಟರಿನತ್ತ ಬರುತ್ತದೆ, ಹೊರಗಿನವರನ್ನು ಕಾಯುವ ಫೈರ್‌ವಾಲ್ ತಡೆಯುತ್ತದೆ. ಪ್ಯಾಸಿವ್‌ನಲ್ಲಿ ಸರ್ವರ್ ಒಂದು ಪೋರ್ಟ್ ತೆರೆದು ಕಾಯುತ್ತದೆ, ನಾವೇ ಹೋಗಬೇಕು. ವಿವರಣೆಯಲ್ಲಿ ‘ಕಾಯುವ ವಿಧಾನ’ ಅನ್ನಿ. ಗುಂಡಿಯ ಹೆಸರು ‘ಪ್ಯಾಸಿವ್’ ಎಂದೇ ಇರಲಿ, ಎಫ್‌ಟಿಪಿ ತಂತ್ರಾಂಶವಾದ ಫೈಲ್‌ಜಿಲ್ಲಾದ ಪರದೆಯಲ್ಲೂ ಹಾಗೇ ಕಾಣುವುದು. (‘ಪ್ಯಾಸಿವ್ ಸ್ಮೋಕಿಂಗ್’ ನಮ್ಮಲ್ಲಿ ‘ಪರೋಕ್ಷ ಧೂಮಪಾನ’ವಾಗಿದೆ. ಒಂದೇ ಪದಕ್ಕೆ ಎಲ್ಲೆಡೆ ಒಂದೇ ಕನ್ನಡ ಹುಡುಕುವ ಹಟ ಬೇಡ.)

ಪಾಸ್‌ವರ್ಡ್ ಒಪ್ಪಿತು, ಫೈಲುಗಳ ಪಟ್ಟಿ ಮಾತ್ರ ಬರದೆ ನಿಂತಿತು ಅನ್ನುವವರಿಗಾಗಿ ಕೈಪಿಡಿಯಲ್ಲಿ ಲಾಗಿನ (ನಡೆದದ್ದರ ದಾಖಲೆ) ಒಂದು ಸಾಲನ್ನು ಬಿಡಿಸಿ ತೋರಿಸಿ:

227 ಎಂಟರಿಂಗ್ ಪ್ಯಾಸಿವ್ ಮೋಡ್ (192,168,1,20,216,240)

ಮೊದಲ ನಾಲ್ಕು ಅಂಕಿ ವಿಳಾಸ. ಕೊನೆಯ ಎರಡು ಪೋರ್ಟ್: 216×256+240, ಅಂದರೆ 55536. ಹೊರಗಿನಿಂದ ಬಂದವರಿಗೆ 192.168 ಕಂಡರೆ ಪೆಟ್ಟಿಗೆ ಮನೆಯೊಳಗಿನ ವಿಳಾಸ ಹೇಳುತ್ತಿದೆ ಎಂದರ್ಥ. ಸೆಟ್ಟಿಂಗ್‌ನಲ್ಲಿ ಹೊರವಿಳಾಸ ತುಂಬಿ, ಪ್ಯಾಸಿವ್ ಪೋರ್ಟುಗಳನ್ನು 55536ರಿಂದ 55543ರವರೆಗೆ ಎಂಬಂತೆ ಗೊತ್ತುಮಾಡಿ, ಅವನ್ನೂ 21ನ್ನೂ ರೂಟರ್‌ನಲ್ಲಿ ಪೆಟ್ಟಿಗೆಯ ವಿಳಾಸಕ್ಕೆ ಫಾರ್ವರ್ಡ್ ಮಾಡಬೇಕು (ದಾಟಿಸಬೇಕು). ಕೆಲವು ರೂಟರುಗಳು ಈ ಸಾಲನ್ನು ಓದಿ ವಿಳಾಸವನ್ನು ತಾವೇ ತಿದ್ದುತ್ತವೆ. ಟಿಎಲ್‌ಎಸ್ ಎಂಬ ಗೂಢಲಿಪಿ ಹೊದಿಕೆ ಹಾಕಿದರೆ ಅವಕ್ಕೆ ಓದಲಾಗದು. ನಿನ್ನೆವರೆಗೆ ನಡೆಯುತ್ತಿದ್ದದ್ದು ಆಗ ಕೆಡುತ್ತದೆ. ರೂಟರಿನ ಹೊರವಿಳಾಸವೇ 100.64ರಿಂದ 100.127ರ ನಡುವೆ ಇದ್ದರೆ ಫಾರ್ವರ್ಡಿಂಗ್ ವ್ಯರ್ಥ: ಅದು ಇಂಟರ್‌ನೆಟ್ ಕಂಪನಿ ಹಲವರಿಗೆ ಹಂಚಿದ ಜಾಲದ ವಿಳಾಸ. ಪಬ್ಲಿಕ್ ಐಪಿ (ನಮಗೇ ಮೀಸಲಾದ ಹೊರವಿಳಾಸ) ಕೇಳಬೇಕು, ಇಲ್ಲವೇ ವಿಪಿಎನ್ (ಮನೆಯ ಜಾಲಕ್ಕೆ ಗುಪ್ತ ಸುರಂಗ) ಬಳಸಬೇಕು.

ದೋಷಗಳಿಗೆಲ್ಲ ‘ಸಂಪರ್ಕ ವಿಫಲ’ ಎಂದು ಬರೆಯಬೇಡಿ, ಅಂಕಿ ಉಳಿಸಿ. 425 ಬಂದರೆ ಎರಡನೆಯ ಸಂಪರ್ಕ ಏಳಲಿಲ್ಲ. 530 ಬಂದರೆ ಲಾಗಿನ್ ಆಗಿಲ್ಲ. 550 ಬಂದರೆ ಫೈಲು ಇಲ್ಲ, ಅಥವಾ ಫೋಲ್ಡರಿಗೆ ಅನುಮತಿ ಇಲ್ಲ.

ಎಸ್‌ಎಫ್‌ಟಿಪಿ, ಎಫ್‌ಟಿಪಿಎಸ್ ಎರಡನ್ನೂ ‘ಸುರಕ್ಷಿತ ಎಫ್‌ಟಿಪಿ’ ಮಾಡುವುದು ಇನ್ನೊಂದು ತಪ್ಪು. ಎಫ್‌ಟಿಪಿಎಸ್ ಎಂದರೆ ಇದೇ ಎಫ್‌ಟಿಪಿಗೆ ಟಿಎಲ್‌ಎಸ್ ಹೊದಿಕೆ. ಎಸ್‌ಎಫ್‌ಟಿಪಿ ಎಸ್‌ಎಸ್‌ಎಚ್ ಎಂಬ ಬೇರೊಂದು ಗೂಢ ಸಂಪರ್ಕದ ಮೇಲೆ, ಸಾಮಾನ್ಯವಾಗಿ 22ನೇ ಪೋರ್ಟಿನಲ್ಲಿ, ಒಂದೇ ಸಂಪರ್ಕದಲ್ಲಿ ಮುಗಿಯುತ್ತದೆ. ಅಲ್ಲಿ ಪ್ಯಾಸಿವ್ ಎಂಬ ಮಾತೇ ಏಳುವುದಿಲ್ಲ.