ಆಫ್ಟರ್ ಎಫೆಕ್ಟ್ಸ್: ಲೇಯರ್ ಹುಡುಕೋದರಲ್ಲೇ ಹೊತ್ತು ಹೋಗುತ್ತಿದೆ, ಯಾವ ಶಾರ್ಟ್‌ಕಟ್ ಮೊದಲು ಕಲಿಯಬೇಕು?

ಪಿಕ್ಸೆಲ್_ಪಯಣ

ಎಲ್ಲರಿಗೂ ನಮಸ್ಕಾರ. ನಾನು ಆಫ್ಟರ್ ಎಫೆಕ್ಟ್ಸ್ ಅನ್ನೋ ಅನಿಮೇಶನ್ ಸಾಫ್ಟ್‌ವೇರ್‌ನಲ್ಲಿ ಎಕ್ಸ್‌ಪ್ಲೇನರ್ ವಿಡಿಯೊ ಮಾಡುತ್ತೇನೆ. ಕೀಫ್ರೇಮ್ (ಯಾವ ಕ್ಷಣಕ್ಕೆ ಯಾವ ಮೌಲ್ಯ ಅನ್ನೋ ಗುರುತು, ಚುಟುಕಾಗಿ ಕೀ), ಮಾಸ್ಕ್, ಪೇರೆಂಟಿಂಗ್ (ಒಂದು ಲೇಯರ್ ಇನ್ನೊಂದನ್ನು ಹಿಂಬಾಲಿಸುವಂತೆ ಕಟ್ಟೋದು) ಎಲ್ಲ ಗೊತ್ತು, ಕೆಲಸ ಚೆನ್ನಾಗೇ ಬರುತ್ತದೆ. ಆದರೆ ಸ್ಪೀಡ್ ಇಲ್ಲ. ಇಲಸ್ಟ್ರೇಟರ್ ಫೈಲ್ ತಂದು ಹಾಕಿದರೆ ಒಂದೊಂದು ಕಾಂಪ್‌ನಲ್ಲೂ (ಕಾಂಪೊಸಿಷನ್, ಅಂದರೆ ಲೇಯರ್‌ಗಳನ್ನು ಜೋಡಿಸಿದ ಒಂದು ದೃಶ್ಯ) ಎಪ್ಪತ್ತು ಎಂಬತ್ತು ಲೇಯರ್ ಆಗಿಬಿಡುತ್ತವೆ. ಒಂದು ಲೇಯರ್ ಪಕ್ಕದ ಬಾಣ ಒತ್ತು, ಟ್ರಾನ್ಸ್‌ಫಾರ್ಮ್ ತೆರೆ, ಪೊಸಿಷನ್ ಹುಡುಕು, ಕೀ ಹಾಕು, ಕೆಳಗೆ ಸ್ಕ್ರೋಲ್ ಮಾಡಿ ಮುಂದಿನದಕ್ಕೆ ಹೋಗು, ಅಷ್ಟರಲ್ಲಿ ಏನು ಮಾಡೋಕೆ ಹೊರಟಿದ್ದೆ ಅನ್ನೋದೇ ಮರೆತುಹೋಗಿರುತ್ತದೆ.

ಶಾರ್ಟ್‌ಕಟ್ ಪಟ್ಟಿ ತೆಗೆದು ನೋಡಿದರೆ ನೂರಾರು ಇವೆ. ಅದನ್ನೆಲ್ಲ ಬಾಯಿಪಾಠ ಮಾಡೋ ತಾಳ್ಮೆ ನನಗಿಲ್ಲ. ದಿನಾ ಈ ಕೆಲಸ ಮಾಡೋರು ನಿಜವಾಗಿ ಬಳಸೋದು ಯಾವುದು? ದುಡ್ಡು ಕೊಟ್ಟು ಸ್ಕ್ರಿಪ್ಟ್ (ಸಾಫ್ಟ್‌ವೇರ್‌ಗೆ ಸೇರಿಸೋ ಪುಟ್ಟ ಪ್ರೋಗ್ರಾಂ) ತಗೊಂಡರೆ ಬೇಗ ಆಗುತ್ತಾ? ನನ್ನದು ವಿಂಡೋಸ್ ಲ್ಯಾಪ್‌ಟಾಪ್, ನಂಬರ್ ಪ್ಯಾಡ್ ಇಲ್ಲ.

ನಲ್_ಆಬ್ಜೆಕ್ಟ್

ನೀವು ಬರೆದಿರೋದನ್ನೇ ಇನ್ನೊಂದು ಸಲ ಓದಿ ನೋಡಿ. ಕೀ ಹಾಕೋದು ಒಂದು ಕ್ಷಣದ ಕೆಲಸ, ಉಳಿದದ್ದೆಲ್ಲ ಹುಡುಕಾಟ. ಹಾಗಾಗಿ ಹೊಸದು ಮಾಡೋ ಶಾರ್ಟ್‌ಕಟ್‌ಗಿಂತ ಬೇಡದ್ದನ್ನು ಕಣ್ಣಿನಿಂದ ಮರೆಮಾಡೋ ಶಾರ್ಟ್‌ಕಟ್ ಮೊದಲು ಕಲಿಯಿರಿ. ಹೆಚ್ಚಿನ ಟ್ಯುಟೋರಿಯಲ್‌ಗಳು ಇದನ್ನು ಹೇಳೋದೇ ಇಲ್ಲ.

ಮೊದಲನೆಯದು 'ಯು'. ಲೇಯರ್ ಸೆಲೆಕ್ಟ್ ಮಾಡಿ ಯು ಒತ್ತಿದರೆ ಕೀಫ್ರೇಮ್ ಇರೋ ಪ್ರಾಪರ್ಟಿಗಳು (ಜಾಗ, ಗಾತ್ರದಂಥವು) ಮಾತ್ರ ತೆರೆಯುತ್ತವೆ, ಇನ್ನೊಮ್ಮೆ ಒತ್ತಿದರೆ ಮುಚ್ಚಿಕೊಳ್ಳುತ್ತವೆ. ಬೇಗಬೇಗ ಎರಡು ಸಲ ಯು ಒತ್ತಿದರೆ, ಕೀ ಇರಲಿ ಬಿಡಲಿ, ಮೊದಲಿದ್ದ ಮೌಲ್ಯದಿಂದ ಬದಲಾಗಿರೋದೆಲ್ಲ ಕಾಣುತ್ತದೆ. ಬೇರೆಯವರು ಮಾಡಿದ ಪ್ರಾಜೆಕ್ಟ್ ಕೈಗೆ ಬಂದಾಗ ನಾನು ಮಾಡೋ ಮೊದಲ ಕೆಲಸವೇ ಕಂಟ್ರೋಲ್+ಎ, ಆಮೇಲೆ ಯು. ಅವರು ಎಲ್ಲೆಲ್ಲಿ ಏನು ಮಾಡಿದ್ದಾರೆ ಅನ್ನೋದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಆಮೇಲೆ ಒಂಟಿ ಅಕ್ಷರಗಳು. 'ಪಿ' ಪೊಸಿಷನ್, 'ಎಸ್' ಸ್ಕೇಲ್, 'ಆರ್' ರೊಟೇಶನ್, 'ಎ' ಆಂಕರ್ ಪಾಯಿಂಟ್ (ಲೇಯರ್ ತಿರುಗೋ ಕೇಂದ್ರ). ಒಪಾಸಿಟಿಗೆ ಮಾತ್ರ 'ಟಿ', ಟ್ರಾನ್ಸ್‌ಪರೆನ್ಸಿ ಅಂತ ನೆನಪಿಟ್ಟುಕೊಳ್ಳಿ, ಯಾಕಂದ್ರೆ 'ಓ' ಬೇರೆ ಕೆಲಸಕ್ಕೆ ಮೀಸಲು. ಪೊಸಿಷನ್ ಜೊತೆಗೆ ಸ್ಕೇಲೂ ಬೇಕಾದರೆ ಪಿ ಒತ್ತಿ ಶಿಫ್ಟ್+ಎಸ್. ಹತ್ತು ಲೇಯರ್ ಒಟ್ಟಿಗೆ ಹಿಡಿದು ಪಿ ಒತ್ತಿದರೆ ಹತ್ತರದ್ದೂ ತೆರೆಯುತ್ತದೆ. ಬಾಣ ಒತ್ತೋ ಅಭ್ಯಾಸ ಇಲ್ಲಿಗೇ ಬಿಟ್ಟುಬಿಡಿ.

ಇನ್ನು ಶೈ ಸ್ವಿಚ್. ತಲೆ ಇಣುಕಿಸೋ ಪುಟ್ಟ ಗೊಂಬೆಯ ಐಕಾನ್ ಇದೆಯಲ್ಲ, ಅದು. ಮುಗಿದ ಲೇಯರ್‌ಗಳಿಗೆ ಅದನ್ನು ಹಾಕಿ, ಟೈಮ್‌ಲೈನ್ ಮೇಲ್ಗಡೆ ಇರೋ ಮುಖ್ಯ ಶೈ ಬಟನ್ ಒತ್ತಿದರೆ ಪಟ್ಟಿಯಿಂದ ಮಾಯ. ಚಿತ್ರದಲ್ಲಿ ಇರುತ್ತವೆ, ರೆಂಡರೂ ಆಗುತ್ತವೆ, ಅಂದರೆ ಅಂತಿಮ ಫೈಲಿನಲ್ಲೂ ಬರುತ್ತವೆ. ಸೋಲೋ ಹಾಗಲ್ಲ. ಸೋಲೋ ಹಾಕಿದ ಲೇಯರ್ ಬಿಟ್ಟು ಉಳಿದವು ಚಿತ್ರದಿಂದಲೇ ಹೋಗುತ್ತವೆ, ಅದನ್ನು ತೆಗೆಯದೆ ರೆಂಡರ್‌ಗೆ ಹಾಕಿದರೆ ರೆಂಡರ್ ಸೆಟ್ಟಿಂಗ್ ಮುಟ್ಟದ ಹೊರತು ಫೈಲಿನಲ್ಲೂ ಅಷ್ಟೇ ಬರುತ್ತದೆ. ಹಿನ್ನೆಲೆ ಲೇಯರ್‌ಗಳನ್ನು ಕಂಟ್ರೋಲ್+ಎಲ್ ಒತ್ತಿ ಲಾಕ್ ಮಾಡಿಡಿ, ಸುಮ್ನೆ ಕೈತಪ್ಪಿ ಅವೇ ಸೆಲೆಕ್ಟ್ ಆಗೋದು ತಪ್ಪುತ್ತದೆ.

ಲೇಬಲ್ ಬಣ್ಣವನ್ನು ಚಂದಕ್ಕೆ ಅಂದುಕೊಂಡಿರೋರೇ ಜಾಸ್ತಿ. ಒಂದು ಪಾತ್ರದ ಎಲ್ಲ ಲೇಯರ್‌ಗೂ ಒಂದೇ ಬಣ್ಣ ಕೊಟ್ಟಿದ್ದರೆ, ಬಣ್ಣದ ಚೌಕ ಕ್ಲಿಕ್ ಮಾಡಿ 'ಸೆಲೆಕ್ಟ್ ಲೇಬಲ್ ಗ್ರೂಪ್' ಅಂದರೆ ಇಡೀ ಪಾತ್ರ ಒಂದೇ ಏಟಿಗೆ ಸಿಗುತ್ತದೆ. ಟೈಮ್‌ಲೈನ್‌ನಲ್ಲಿ ಕಂಟ್ರೋಲ್+ಎಫ್ ಒತ್ತಿ ಹೆಸರು ಟೈಪ್ ಮಾಡಿಯೂ ಹುಡುಕಬಹುದು. ಅದಕ್ಕೆ ಲೇಯರ್‌ಗಳಿಗೆ ಹೆಸರು ಅಂತ ಇರಬೇಕಷ್ಟೆ. 'ಶೇಪ್ ಲೇಯರ್ 43' ಅಂತ ಬಿಟ್ಟರೆ ಯಾವ ಶಾರ್ಟ್‌ಕಟ್ಟೂ ಕಾಪಾಡಲ್ಲ.

ಎಡಗೈ_ಎಡಿಟರ್

ಮೇಲಿನವರ ಮಾತು ಅರ್ಧ ಒಪ್ಪುತ್ತೇನೆ. ಹುಡುಕಾಟ ಕಮ್ಮಿ ಆದರೂ ಲೇಯರ್ ಬಾರ್‌ಗಳನ್ನು ಮೌಸ್‌ನಲ್ಲಿ ಎಳೆದಾಡುತ್ತಿದ್ದರೆ ಸ್ಪೀಡ್ ಬರಲ್ಲ. ಸಮಯದ ಕೆಲಸಕ್ಕೆ ಚೌಕ ಬ್ರಾಕೆಟ್‌ಗಳು ಬೇಕೇ ಬೇಕು.

ಪ್ಲೇಹೆಡ್ (ಈಗಿನ ಕ್ಷಣ ತೋರಿಸೋ ಗೆರೆ) ಬೇಕಾದ ಕಡೆ ಇಟ್ಟು '[' ಒತ್ತಿದರೆ ಲೇಯರ್ ಹಾಗೇ ಸರಿದು ಬಂದು ಅಲ್ಲಿಂದ ಶುರುವಾಗುತ್ತದೆ, ']' ಒತ್ತಿದರೆ ಅಲ್ಲಿಗೆ ಮುಗಿಯುವಂತೆ ಸರಿಯುತ್ತದೆ. ಅದಕ್ಕೇ ಆಲ್ಟ್ ಸೇರಿಸಿದರೆ ಲೇಯರ್ ಜಾಗ ಬಿಟ್ಟು ಕದಲಲ್ಲ, ಅಲ್ಲಿಗೆ ಟ್ರಿಮ್ ಆಗುತ್ತದೆ ಅಷ್ಟೆ. ಇವೆರಡರ ವ್ಯತ್ಯಾಸ ಕೈಗೆ ಹತ್ತಿದರೆ ಟೈಮಿಂಗ್ ಕೆಲಸ ಅರ್ಧ ಮುಗಿದಂತೆ. 'ಐ' ಒತ್ತಿದರೆ ಲೇಯರ್ ಶುರುವಾಗೋ ಜಾಗಕ್ಕೆ, 'ಓ' ಒತ್ತಿದರೆ ಮುಗಿಯೋ ಜಾಗಕ್ಕೆ ಪ್ಲೇಹೆಡ್ ಹಾರುತ್ತದೆ. 'ಜೆ' ಮತ್ತು 'ಕೆ' ಹಿಂದಿನ, ಮುಂದಿನ ಕೀಫ್ರೇಮ್‌ಗೆ. ಆದರೆ ಟೈಮ್‌ಲೈನ್‌ನಲ್ಲಿ ತೆರೆದು ಕಾಣುತ್ತಿರೋ ಕೀಗಳಿಗೆ ಮಾತ್ರ ಹೋಗುತ್ತವೆ, ಹಾಗಾಗಿ ಮೊದಲು ಯು, ಆಮೇಲೆ ಜೆ-ಕೆ. ಪ್ರಿವ್ಯೂ ಇಡೀ ಕಾಂಪ್‌ಗೆ ಓಡಿಸಬೇಡಿ, 'ಬಿ' ಮತ್ತು 'ಎನ್' ಒತ್ತಿ ವರ್ಕ್ ಏರಿಯಾ (ಪ್ರಿವ್ಯೂ ಓಡೋ ಭಾಗ) ಚಿಕ್ಕದು ಮಾಡಿಕೊಳ್ಳಿ.

ಕಂಟ್ರೋಲ್+ಶಿಫ್ಟ್+ಡಿ ಲೇಯರನ್ನು ಎರಡು ತುಂಡು ಮಾಡುತ್ತದೆ. ಹೊಸಬರು ಇದನ್ನು ಕಂಡಕಂಡಲ್ಲಿ ಬಳಸುತ್ತಾರೆ, ಆಮೇಲೆ ಎರಡು ತುಂಡಿಗೂ ಒಂದೇ ಎಫೆಕ್ಟನ್ನು ಬೇರೆ ಬೇರೆ ತಿದ್ದುತ್ತಾ ಕೂರುತ್ತಾರೆ. ಚೆಂಡು ಕಂಬದ ಹಿಂದೆ ಹೋಗಿ ಮುಂದೆ ಬರಬೇಕು ಅನ್ನೋ ಥರ ಲೇಯರ್‌ಗಳ ಕ್ರಮವೇ ನಡುವೆ ಬದಲಾಗಬೇಕಾದಾಗ ಮಾತ್ರ ಕತ್ತರಿಸಿ.

ಎಫ್9 ಈಸಿ ಈಸ್, ಚಲನೆ ಮೆಲ್ಲಗೆ ಶುರುವಾಗಿ ಮೆಲ್ಲಗೆ ನಿಲ್ಲೋ ಹಾಗೆ ಮಾಡುತ್ತದೆ. ಲ್ಯಾಪ್‌ಟಾಪ್ ಅಂದ್ರಲ್ಲ, ಎಫ್‌ಎನ್ ಕೀ ಜೊತೆಗೆ ಒತ್ತಬೇಕಾಗಬಹುದು. ಆದರೆ ಎಲ್ಲ ಕೀಗೂ ಎಫ್9 ಒತ್ತಿ ಬಿಟ್ಟರೆ ಎಲ್ಲಕ್ಕೂ ಅದೇ 33.33 ಪರ್ಸೆಂಟ್ ಇನ್‌ಫ್ಲುಯೆನ್ಸ್, ಎಲ್ಲವೂ ಒಂದೇ ಥರ ತೇಲುತ್ತವೆ. ಶಿಫ್ಟ್+ಎಫ್3 ಒತ್ತಿ ಗ್ರಾಫ್ ಎಡಿಟರ್‌ಗೆ (ಚಲನೆಯ ಗೆರೆ ತಿದ್ದೋ ಜಾಗ) ಹೋಗಿ ಕೈಯಾರೆ ಎಳೆಯಿರಿ. ಅಲ್ಲಿ ಮಾತ್ರ ಆತುರ ಬೇಡ.

ಇನ್ನೊಂದು, ಒಂದು ಗುಂಪಿನ ಕೀಗಳನ್ನೆಲ್ಲ ಸೆಲೆಕ್ಟ್ ಮಾಡಿ ಆಲ್ಟ್ ಹಿಡಿದು ಕೊನೆಯ ಕೀ ಎಳೆದರೆ ಇಡೀ ಅನಿಮೇಶನ್ ಅದೇ ಅನುಪಾತದಲ್ಲಿ ಹಿಗ್ಗುತ್ತದೆ, ಕುಗ್ಗುತ್ತದೆ. ಕ್ಲೈಂಟ್ 'ಸ್ವಲ್ಪ ಫಾಸ್ಟ್ ಮಾಡಿ' ಅಂದಾಗ ಇದೇ ಗತಿ.

ಪಿಕ್ಸೆಲ್_ಪಯಣ

ಎರಡು ಸಲ ಯು ಒತ್ತೋದು ಗೊತ್ತೇ ಇರಲಿಲ್ಲ, ಥ್ಯಾಂಕ್ಸ್. ಲೇಯರ್ ಜಾಸ್ತಿ ಆದಾಗ ಎಲ್ಲವನ್ನೂ ಗುಂಪು ಗುಂಪಾಗಿ ಪ್ರಿಕಾಂಪ್ ಮಾಡಿಬಿಡು (ಬೇರೆ ಕಾಂಪ್ ಒಳಗೆ ಹಾಕಿ ಒಂದೇ ಲೇಯರ್ ಮಾಡು) ಅಂತ ಒಬ್ಬರು ಹೇಳಿದರು. ಅದು ಸರಿನಾ? ಪ್ರಿಕಾಂಪ್ ಒಳಗೆ ಹೋಗಿ ಬರೋದೇ ಇನ್ನೊಂದು ತಲೆನೋವು ಅನಿಸ್ತಿದೆ.

ರೆಂಡರ್_ರಾಯರು

ಪ್ರಿಕಾಂಪ್ ಒಳ್ಳೆಯದೇ, ಆದರೆ ಪಟ್ಟಿ ಚಿಕ್ಕದಾಗಲಿ ಅನ್ನೋ ಒಂದೇ ಕಾರಣಕ್ಕೆ ಮಾಡಬೇಡಿ. ಅದಕ್ಕೆ ಶೈ ಇದೆ. ಒಳಗಿರೋ ಲೇಯರ್ ಹೊರಗಿನದಕ್ಕೆ ತಾಳ ಹಾಕಬೇಕಾದರೆ, ಅಂದರೆ ಕೈ ಬೀಸಿದ ಕ್ಷಣಕ್ಕೇ ಬಾಗಿಲು ತೆರೆಯಬೇಕು ಅನ್ನೋ ಹಾಗಿದ್ದರೆ, ಎರಡೂ ಒಂದೇ ಟೈಮ್‌ಲೈನ್‌ನಲ್ಲಿ ಇರಲಿ. ಒಟ್ಟಿಗೆ ಸರಿಸೋದಷ್ಟೇ ಬೇಕಾದರೆ ಕಂಟ್ರೋಲ್+ಆಲ್ಟ್+ಶಿಫ್ಟ್+ವೈ ಒತ್ತಿ ಒಂದು ನಲ್ (ಕಣ್ಣಿಗೆ ಕಾಣದ ಖಾಲಿ ಲೇಯರ್) ಹಾಕಿ, ಎಲ್ಲವನ್ನೂ ಅದಕ್ಕೆ ಪೇರೆಂಟ್ ಮಾಡಿ. ಒಪಾಸಿಟಿ ಮಾತ್ರ ಪೇರೆಂಟಿಂಗ್‌ನಲ್ಲಿ ಬರಲ್ಲ. ಇಡೀ ಗುಂಪು ಒಟ್ಟಿಗೆ ಫೇಡ್ ಆಗಬೇಕು, ಅಥವಾ ಗುಂಪಿಗೇ ಒಂದು ಎಫೆಕ್ಟ್ ಬೇಕು ಅಂದಾಗ ಪ್ರಿಕಾಂಪ್ ಮಾಡಿ.

ಮಾಡೋದು ಕಂಟ್ರೋಲ್+ಶಿಫ್ಟ್+ಸಿ. ಬರೋ ಡಬ್ಬಿಯಲ್ಲಿ ಕಾಂಪ್‌ನ ಅವಧಿಯನ್ನು ಆಯ್ದ ಲೇಯರ್‌ಗಳ ಉದ್ದಕ್ಕೆ ಹೊಂದಿಸೋ ಚೆಕ್‌ಬಾಕ್ಸ್ ಇದೆ, ಅದಕ್ಕೆ ಟಿಕ್ ಹಾಕಿ. ಇಲ್ಲದಿದ್ದರೆ ಎರಡು ಸೆಕೆಂಡಿನ ಐಕಾನ್‌ಗೂ ಇಡೀ ಕಾಂಪ್‌ನಷ್ಟು ಉದ್ದದ ಬಾರ್ ಬರುತ್ತದೆ, ಆಗ ಮೇಲೆ ಹೇಳಿದ ಬ್ರಾಕೆಟ್ ಶಾರ್ಟ್‌ಕಟ್‌ಗಳೂ ಕೈಕೊಡುತ್ತವೆ. ಒಳಗೆ ಹೊರಗೆ ಓಡಾಡೋಕೆ ಟ್ಯಾಬ್ ಒತ್ತಿ, ಯಾವ ಕಾಂಪ್ ಒಳಗೆ ಯಾವುದಿದೆ ಅನ್ನೋ ಪುಟ್ಟ ನಕ್ಷೆ ಬರುತ್ತದೆ, ಬೇಕಾದ್ದರ ಮೇಲೆ ಕ್ಲಿಕ್ ಮಾಡಿದರಾಯಿತು.

ಎಲ್ಲರೂ ಎಡವೋ ಜಾಗ ಒಂದಿದೆ. ಟೈಮ್‌ಲೈನ್‌ನಲ್ಲಿ ಪ್ರಿಕಾಂಪನ್ನು ಕಂಟ್ರೋಲ್+ಡಿ ಮಾಡಿದರೆ ಎರಡೂ ಒಂದೇ ಮೂಲಕ್ಕೆ ಕೈ ತೋರಿಸುತ್ತವೆ. ಒಂದರೊಳಗೆ ಬಣ್ಣ ಬದಲಿಸಿದರೆ ಇನ್ನೊಂದರಲ್ಲೂ ಬದಲಾಗುತ್ತದೆ. ಬೇರೆ ಬೇರೆ ಬೇಕಾದರೆ ಪ್ರಾಜೆಕ್ಟ್ ಪ್ಯಾನೆಲ್‌ನಲ್ಲಿ ಡೂಪ್ಲಿಕೇಟ್ ಮಾಡಿ. ಕಾಂಪ್ ಒಳಗೆ ಕಾಂಪ್, ಅದರೊಳಗೆ ಇನ್ನೊಂದು ಅಂತ ಇದ್ದರೆ ಆಗ ನಿಜವಾಗಿ ಸ್ಕ್ರಿಪ್ಟ್ ಬೇಕು. ಟ್ರೂ ಕಾಂಪ್ ಡೂಪ್ಲಿಕೇಟರ್ ಅಂತ ಒಂದಿದೆ, ಒಳಗಿನವನ್ನೆಲ್ಲ ಸೇರಿಸಿ ಹೊಸ ಪ್ರತಿ ಮಾಡಿಕೊಡುತ್ತದೆ. ಎಫೆಕ್ಟ್ ಹುಡುಕೋಕೆ ವಿಡಿಯೊ ಕೋಪೈಲಟ್‌ನ ಎಫ್‌ಎಕ್ಸ್ ಕನ್ಸೋಲ್ ಇದೆ, ಉಚಿತ. ಕಂಟ್ರೋಲ್+ಸ್ಪೇಸ್ ಒತ್ತಿ ಎರಡು ಮೂರು ಅಕ್ಷರ ಟೈಪ್ ಮಾಡಿದರೆ ಎಫೆಕ್ಟ್ ಬಂದು ಕೂರುತ್ತದೆ. ಸದ್ಯಕ್ಕೆ ಇವೆರಡರ ಆಚೆ ನೀವು ಏನೂ ಹುಡುಕಬೇಕಿಲ್ಲ ಅನಿಸುತ್ತದೆ.

ಅಂದಹಾಗೆ 2022ರ ಅಕ್ಟೋಬರ್‌ನಲ್ಲಿ ಬಂದ ಆಫ್ಟರ್ ಎಫೆಕ್ಟ್ಸ್ 23.0 ಆವೃತ್ತಿಯಿಂದ ಟ್ರ್ಯಾಕ್ ಮ್ಯಾಟ್ ಲೇಯರ್ (ಇನ್ನೊಂದು ಲೇಯರ್ ಎಲ್ಲೆಲ್ಲಿ ಕಾಣಬೇಕು ಅಂತ ತೀರ್ಮಾನಿಸೋದು) ಸರಿಯಾಗಿ ಮೇಲಿನ ಸಾಲಿನಲ್ಲೇ ಇರಬೇಕು ಅನ್ನೋ ಕಟ್ಟು ಹೋಯಿತು. ಒಂದೇ ಮ್ಯಾಟನ್ನು ಐದಾರು ಲೇಯರ್‌ಗೆ ಕೊಡಬಹುದು. ಹಳೆಯ ಟ್ಯುಟೋರಿಯಲ್ ನೋಡಿ ಮ್ಯಾಟ್ ಲೇಯರನ್ನು ಪ್ರತಿಸಲ ಡೂಪ್ಲಿಕೇಟ್ ಮಾಡುತ್ತಿದ್ದರೆ ನಿಲ್ಲಿಸಿ, ಅಲ್ಲೇ ಎಷ್ಟೋ ಲೇಯರ್ ಕಮ್ಮಿ ಆಗುತ್ತವೆ.

ಕ್ಯಾಪ್ಸ್‌ಲಾಕ್_ಆಫ್

ನಂಬರ್ ಪ್ಯಾಡ್ ವಿಷಯ ಯಾರೂ ಹೇಳಲಿಲ್ಲ. ಪ್ಯಾಡ್ ಇದ್ದರೆ ಲೇಯರ್ ನಂಬರ್ ಒತ್ತಿ ಸೆಲೆಕ್ಟ್ ಮಾಡಬಹುದು. ಇಲ್ಲದಿದ್ದರೆ ಕಂಟ್ರೋಲ್ ಹಿಡಿದು ಮೇಲಿನ, ಕೆಳಗಿನ ಬಾಣದ ಕೀ ಒತ್ತಿ, ಒಂದೊಂದೇ ಲೇಯರ್ ದಾಟುತ್ತದೆ. ಪ್ರಿವ್ಯೂಗೆ ಸ್ಪೇಸ್‌ಬಾರ್ ಸಾಕು. ಪ್ಯಾಡ್‌ಗೆ ಕಟ್ಟಿರೋ ಬೇರೆ ಯಾವುದಾದರೂ ತುಂಬಾ ಬೇಕಾದರೆ ಕಂಟ್ರೋಲ್+ಆಲ್ಟ್+' ಒತ್ತಿ, ಕೀಬೋರ್ಡ್ ಚಿತ್ರ ಬರುತ್ತದೆ, ಬೇಕಾದ ಕೀಗೆ ಎಳೆದು ಹಾಕಿಕೊಳ್ಳಿ. ಸಿಸಿ 2018 ಆವೃತ್ತಿಯಿಂದ ಇದೆ. ಆದರೆ ಜಾಸ್ತಿ ಬದಲಾಯಿಸಬೇಡಿ, ಬೇರೆಯವರ ಸಿಸ್ಟಮ್‌ನಲ್ಲಿ ಕೂತಾಗ ಕೈ ಕಟ್ಟಿದಂತಾಗುತ್ತದೆ.

ಟೆಕ್ಸ್ಟ್ ತಿದ್ದುತ್ತಾ ಇರುವಾಗ ಪಿ ಒತ್ತಿದರೆ ಪಿ ಅಂತ ಅಕ್ಷರವೇ ಬೀಳುತ್ತದೆ, ಪೊಸಿಷನ್ ತೆರೆಯಲ್ಲ. ಮೊದಲು ಸೆಲೆಕ್ಷನ್ ಟೂಲ್ ಕ್ಲಿಕ್ ಮಾಡಿ ಹೊರಗೆ ಬನ್ನಿ. ಶೀರ್ಷಿಕೆಯಲ್ಲಿ 'ಪಿಪಿಎಸ್' ಅಂತ ಸೇರಿಕೊಂಡು ರೆಂಡರ್ ಆಗಿ ಹೋದ ವಿಡಿಯೊಗಳನ್ನು ಎಲ್ಲರೂ ನೋಡಿರುತ್ತೀರಿ, ಅಲ್ವಾ? ಚಿತ್ರ ಅಪ್‌ಡೇಟ್ ಆಗೋದು ನಿಂತುಹೋದರೆ ಕ್ಯಾಪ್ಸ್ ಲಾಕ್ ನೋಡಿ. ಅದು ಆನ್ ಇದ್ದರೆ ಆಫ್ಟರ್ ಎಫೆಕ್ಟ್ಸ್ ಪ್ರಿವ್ಯೂ ನಿಲ್ಲಿಸಿಬಿಡುತ್ತದೆ. ಕಂಪ್ಯೂಟರ್ ರೀಸ್ಟಾರ್ಟ್ ಮಾಡೋ ಮುಂಚೆ ಅದನ್ನೊಮ್ಮೆ ಒತ್ತಿ.

ಪಿಕ್ಸೆಲ್_ಪಯಣ

ಶೈ ಹಾಕಿ ನೋಡಿದೆ, ಪಟ್ಟಿ ಒಂದು ಸ್ಕ್ರೀನಿಗೆ ಬಂತು. ಆದರೆ ಅಷ್ಟೂ ಲೇಯರ್‌ಗೆ ಒಂದೊಂದಾಗಿ ಗೊಂಬೆ ಒತ್ತಬೇಕಾ?

ನಲ್_ಆಬ್ಜೆಕ್ಟ್

ಬೇಡ. ಎಲ್ಲವನ್ನೂ ಸೆಲೆಕ್ಟ್ ಮಾಡಿ ಒಂದರ ಗೊಂಬೆ ಒತ್ತಿ, ಉಳಿದವಕ್ಕೂ ಬೀಳುತ್ತದೆ. ಸೋಲೋ, ಲಾಕ್, ಮೋಶನ್ ಬ್ಲರ್ ಸ್ವಿಚ್‌ಗಳಿಗೂ ಹೀಗೇ. ಲೇಬಲ್ ಬಣ್ಣ ಕೊಟ್ಟಿದ್ದರೆ ಸೆಲೆಕ್ಟ್ ಮಾಡೋ ಕೆಲಸವೂ ಒಂದೇ ಕ್ಲಿಕ್.