ಹಿತ್ತಲಲ್ಲಿ ನಿಂಬೆ ಗಿಡ ಇದೆ, ಬೆಕ್ಕಿನ ಮರಿ ತರಬಹುದಾ?

ಸರಸ್ವತಿಪುರಂ: ನಿಂಬೆ, ಸೀಬೆ, ಬೆಣ್ಣೆಹಣ್ಣು ಮೂರೂ ಇವೆ. ಭಾನುವಾರ ಎರಡು ಮರಿ ಬರುತ್ತವೆ. ನಿಂಬೆ ಬೆಕ್ಕಿಗೆ ವಿಷ, ಕಡಿಸಿ ಅಂತ ಅತ್ತೆ ಹಟ ಹಿಡಿದಿದ್ದಾರೆ. ಅನುಭವ ಇದ್ದವರು ಹೇಳಿ.

ಕುವೆಂಪುನಗರ: ನಾನು ಕಡಿಸಿದೆ. ಹದಿನಾಲ್ಕು ವರ್ಷದ ಗಿಡ. ಕಡಿಯೋಕೆ 1,800, ಬುಡ ಕೀಳೋಕೆ 1,200, ಕೀಳುವಾಗ ಬಿರುಕು ಬಿಟ್ಟ ಕಾಂಪೌಂಡಿಗೆ 4,500. ಆಟೋದಲ್ಲಿ ಕೊಂಬೆ ಸಾಗಿಸಿದ್ದು ಬೇರೆ. ಇಷ್ಟೆಲ್ಲ ಆದಮೇಲೆ ನಮ್ಮ ಪುಟ್ಟಿ ದಿನಾ ಮಧ್ಯಾಹ್ನ ಎಲ್ಲಿ ಮಲಗುತ್ತಾಳೆ ಗೊತ್ತಾ? ಪಕ್ಕದ ಮನೆಯ ನಿಂಬೆ ಗಿಡದ ಬುಡದಲ್ಲಿ. ಒಂದು ಎಲೆ ಕಚ್ಚಿಲ್ಲ. ಬೇಸಿಗೆಯಲ್ಲಿ ನಾನು ಹತ್ತು ರೂಪಾಯಿಗೊಂದು ನಿಂಬೆಹಣ್ಣು ತರುತ್ತಿದ್ದೇನೆ.

ಗಂಜಾಂ: ವಿಷ ಅಲ್ಲ ಅಂತ ಮಾತ್ರ ಹೇಳಬೇಡಿ. ಚಿಗಟಕ್ಕೆ ಒಳ್ಳೆಯದು ಅಂತ ಯಾರೋ ಹೇಳಿದರು, ಕಿತ್ತಳೆ ಸಿಪ್ಪೆಯ ಎಣ್ಣೆ ಹಚ್ಚಿದೆ. 240 ರೂಪಾಯಿ ಬಾಟಲಿ. ಒಂದು ಗಂಟೆಯಲ್ಲಿ ಜೊಲ್ಲು, ಆಮೇಲೆ ನಡುಕ. ಹಿಂಗಾಲು ನಿಲ್ಲುತ್ತಿರಲಿಲ್ಲ. ಮೈಯೆಲ್ಲ ಕಿತ್ತಳೆ ಪೆಪ್ಪರ್‌ಮೆಂಟಿನ ವಾಸನೆ, ಇವತ್ತಿಗೂ ಆ ವಾಸನೆ ಬಂದರೆ ಹೊಟ್ಟೆ ತೊಳಸುತ್ತೆ. ಮೂರು ದಿನ ಡ್ರಿಪ್, 6,400. ಅದರಲ್ಲಿರುವ ಲಿಮೊನೀನ್ ಅನ್ನು ಬೆಕ್ಕಿನ ಲಿವರ್ ಸರಿಯಾಗಿ ಹೊರಹಾಕಲ್ಲವಂತೆ. ನಿಂಬೆ ಸಿಪ್ಪೆ, ಎಲೆಯಲ್ಲೂ ಇರೋದು ಅದೇ.

ಕುವೆಂಪುನಗರ: ಎಣ್ಣೆ ಹಚ್ಚಿದ್ದು ನೀವು. ಗಿಡ ಏನು ಮಾಡಿತ್ತು?

ಗಂಜಾಂ: ಗಿಡ ಕಡಿಸಿದ್ದೂ ನೀವೇ, ಅಲ್ವಾ?

ಮಂಡ್ಯ: ಇಬ್ಬರೂ ಸುಮ್ಮನಿರಿ. ನಿಂಬೆ ಮರಕ್ಕಿಂತ, ಮರಕ್ಕೆ ನಾವು ಹಾಕೋದೇ ಬೆಕ್ಕಿಗೆ ಹೆಚ್ಚು ಅಪಾಯ. ಎಳನೀರು ಕೊರೆಯುವ ಇಲಿಗೆ ಅಂತ ಪಕ್ಕದ ತೋಟದವರು ಬ್ರೊಮಾಡಿಯೋಲೋನ್ ಅನ್ನೋ ಇಲಿ ವಿಷದ ಬಿಲ್ಲೆ ಇಟ್ಟರು. ಇಲಿ ತಿಂತು, ಇಲಿಯನ್ನು ನಮ್ಮ ಕರಿಯ ತಿಂದ. ನಾಲ್ಕು ದಿನ ಚೆನ್ನಾಗೇ ಇದ್ದ. ಐದನೇ ದಿನ ಬೆಳಗ್ಗೆ ಬಿಳಿ ಟೈಲ್ಸ್ ಮೇಲೆ ಮೂಗಿನ ರಕ್ತ, ಸಣ್ಣ ಸಣ್ಣ ಹನಿ, ಬಚ್ಚಲವರೆಗೂ. ರಕ್ತ ಹೆಪ್ಪುಗಟ್ಟೋದೇ ನಿಂತುಹೋಗುತ್ತೆ. ಒಂದು ತಿಂಗಳು ವಿಟಮಿನ್ ಕೆ ಮಾತ್ರೆ. ಬದುಕಿದ. ಆ ಮನೆಯವರ ಜೊತೆ ಇವತ್ತಿಗೂ ಮಾತಿಲ್ಲ.

ವಿಜಯನಗರ: ಬೆಕ್ಕನ್ನು ಮನೆಯೊಳಗೆ ಇಟ್ಟುಕೊಳ್ಳಿ ಸ್ವಾಮಿ. ಪರರ ತೋಟಕ್ಕೆ ಬಿಟ್ಟು ಅವರನ್ನೇ ಬೈತೀರಲ್ಲ.

ಮಂಡ್ಯ: ನಿಮ್ಮದು ಎರಡನೇ ಮಹಡಿ ಇರಬೇಕು. ನಮ್ಮದು ಹೊಲ.

ಸರಸ್ವತಿಪುರಂ: ಬೆಣ್ಣೆಹಣ್ಣು?

ವಿಜಯನಗರ: ಎಲೆ, ಸಿಪ್ಪೆ, ಬೀಜ ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳಿ, ಪರ್ಸಿನ್ ಅನ್ನೋ ವಿಷ ಇರುತ್ತೆ. ಬಿದ್ದದ್ದನ್ನು ಆಯ್ದುಬಿಡಿ. ನಮ್ಮ ಬೆಕ್ಕಂತೂ ಬಾಳೆಹಣ್ಣು ಬಿಟ್ಟು ಬೇರೆ ಮೂಸಲ್ಲ. ಅದೂ ನಂಜನಗೂಡು ರಸಬಾಳೆಯೇ ಆಗಬೇಕು, ಸಿಹಿ ಅಂದ್ರೆ ಅಷ್ಟು ಇಷ್ಟ.

ಗಂಜಾಂ: ಬೆಕ್ಕಿಗೆ ಸಿಹಿ ರುಚಿಯೇ ಗೊತ್ತಾಗಲ್ಲ. ಆ ಜೀನೇ ಕೆಟ್ಟಿದೆ.

ವಿಜಯನಗರ: ನಮ್ಮದಕ್ಕೆ ಗೊತ್ತಾಗುತ್ತೆ.

ಮಂಡ್ಯ: ರಸಬಾಳೆ ಅಂತ ನಿಮಗೆ ಯಾರು ಮಾರಿದರು? ಬಾಳೆಗೆ ಪನಾಮ ಸೊರಗು ರೋಗ ಬಂದ ಮೇಲೆ ಬೆಳೆಯೋರೇ ಕಮ್ಮಿ.

ವಿಜಯನಗರ: ನಮ್ಮ ಮಾವನ ತೋಟದ್ದು. ಬಂದು ಗೊನೆ ನೋಡಿಕೊಂಡು ಹೋಗಿ.